ಅಲಾಯ್ ವೀಲ್ ಕೊಳ್ಳೋ ಮುಂಚೆ ಅದನ್ನ ತಿರುಗಿಸಿ ನೋಡಿ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಈ ಸಲದ ಸಂಚಿಕೆಗೆ ಕಾರಣ ಒಂದು ವಾಯ್ಸ್ ಮೆಸೇಜ್. ಶ್ರವಣಬೆಳಗೊಳದಲ್ಲಿ ಟ್ಯಾಕ್ಸಿ ಓಡಿಸೋ ಒಬ್ರು ಕೇಳುಗರು ಕಳಿಸಿದ್ದು. ಅವರ ಹತ್ರ ಇನ್ನೋವಾ ಕ್ರಿಸ್ಟಾ ಇದೆ. ಬೆಟ್ಟ ಹತ್ತಿ ಇಳಿದ ಯಾತ್ರಿಕರನ್ನ ಕೂರಿಸ್ಕೊಂಡು ಬೇಲೂರು, ಹಳೇಬೀಡು, ಆಮೇಲೆ ಶಿರಾಡಿ ಘಾಟ್ ಇಳಿದು ಧರ್ಮಸ್ಥಳ, ಹೀಗೆ ಓಡಾಟ. ಅವರು ಕೇಳಿದ್ದು ಇಷ್ಟೇ: "ಗುರುವೇ, ಗಾಡಿಗೆ ಅಲಾಯ್ ಹಾಕಿಸ್ಬೇಕು ಅಂತಿದೀನಿ. ಹಾಸನದಲ್ಲಿ ಒಂದು ರೇಟು, ಬೆಂಗಳೂರು ಜೆ.ಸಿ. ರೋಡಲ್ಲಿ ಇನ್ನೊಂದು ರೇಟು. ನೋಡಕ್ಕೆ ಎಲ್ಲಾ ಒಂದೇ ಥರ ಇದೆ. ಯಾವ ಬ್ರ್ಯಾಂಡ್ ತಗೊಳ್ಳಿ, ಹೇಳು."

ಒಂದು ಬ್ರ್ಯಾಂಡ್ ಹೆಸರು ಹೇಳಿ ಮುಗಿಸಿಬಿಡಬಹುದಿತ್ತು. ಆದ್ರೆ ಆಫ್ಟರ್‌ಮಾರ್ಕೆಟ್ ವೀಲ್, ಅಂದ್ರೆ ಕಾರಿನ ಜೊತೆ ಬಾರದೆ ನಾವು ಆಮೇಲೆ ಅಂಗಡೀಲಿ ಕೊಂಡು ಹಾಕಿಸ್ಕೊಳ್ಳೋ ವೀಲ್ ಇದ್ಯಲ್ಲ, ಅದರ ಮುಂದೆ ಬರೆದಿರೋ ಹೆಸರಿಗೂ ಅದನ್ನ ಎರಕ ಹೊಯ್ದ ಕಾರ್ಖಾನೆಗೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಕೆಲವು ಹೆಸರುಗಳಿಗೆ ಸ್ವಂತ ಕಾರ್ಖಾನೆ ಇದೆ. ಕೆಲವು ಹೆಸರುಗಳು ಬರೀ ಹೆಸರುಗಳು, ಮಾಡಿಸೋದು ಬೇರೆ ಕಡೆ. ಇನ್ನು ಒಂದೇ ಹೆಸರಿನ ಕೆಳಗೆ ಮೂರು ಬೇರೆ ವಿಧಾನದಲ್ಲಿ ಮಾಡಿದ ವೀಲ್‌ಗಳೂ ಸಿಗುತ್ತವೆ, ಬೆಲೆಯಲ್ಲಿ ಐದಾರು ಪಟ್ಟು ವ್ಯತ್ಯಾಸ. ನಾನು ಓದಿದ್ದು ಬಿ.ಕಾಂ., ಲೋಹಶಾಸ್ತ್ರ ಗೊತ್ತಿದ್ದವನಲ್ಲ. ಆದ್ರೆ ಆಡಿಟಿಂಗ್ ಕ್ಲಾಸಲ್ಲಿ ಕಲಿಸೋ ಒಂದು ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತೆ: ಲೆಡ್ಜರ್ ನಂಬೋ ಮುಂಚೆ ವೋಚರ್ ಕೇಳು. ವೀಲ್‌ಗೆ ವೋಚರ್ ಇರೋದು ಅದರ ಬೆನ್ನ ಮೇಲೆ. ಅಲ್ಲಿಗೆ ಬರ್ತೀನಿ. ಮೊದಲು ಇದು ಹೇಗೆ ತಯಾರಾಗುತ್ತೆ ಅಂತ ನೋಡೋಣ, ಇಲ್ಲಾಂದ್ರೆ ಬೆನ್ನ ಮೇಲಿರೋದು ಅರ್ಥ ಆಗಲ್ಲ.

ಇಡ್ಲಿ ಹಿಟ್ಟು, ಲಟ್ಟಣಿಗೆ, ಸುತ್ತಿಗೆ

ನಮ್ಮ ಕಣ್ಣಿಗೆ ಬೀಳೋ ಅಲಾಯ್ ವೀಲ್‌ಗಳಲ್ಲಿ ಬಹುಪಾಲು ಎರಕದವು. ಅಲ್ಯೂಮಿನಿಯಂಗೆ ಸುಮಾರು 7 ಪರ್ಸೆಂಟ್ ಸಿಲಿಕಾನ್, ಚೂರು ಮೆಗ್ನೀಸಿಯಂ ಸೇರಿಸಿದ ಮಿಶ್ರಲೋಹ, ಅದಕ್ಕೆ ಎ356 ಅಂತ ಹೆಸರು. ಅದನ್ನ ಕರಗಿಸಿ ಅಚ್ಚಿಗೆ ತುಂಬ್ತಾರೆ. ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ದ ಹಾಗೇ. ವ್ಯತ್ಯಾಸ ಏನಪ್ಪಾ ಅಂದ್ರೆ, ಇಡ್ಲಿ ಒಳಗೆ ಸಣ್ಣ ಸಣ್ಣ ಗೂಡು ಇದ್ರೇನೇ ಚೆಂದ, ವೀಲ್ ಒಳಗೆ ಇದ್ರೆ ಬಿರುಕು ಶುರುವಾಗೋ ಜಾಗ ಅದೇ.

ಈ ಗೂಡು ಎಲ್ಲಿಂದ ಬರುತ್ತೆ? ಕರಗಿದ ಅಲ್ಯೂಮಿನಿಯಂ ಗಾಳೀಲಿರೋ ತೇವದಿಂದ ಹೈಡ್ರೋಜನ್ ಹೀರ್ಕೊಳ್ಳುತ್ತೆ. ಗಟ್ಟಿಯಾಗುವಾಗ ಆ ಹೈಡ್ರೋಜನ್ ಹೊರಗೆ ಬರಕ್ಕೆ ನೋಡುತ್ತೆ, ದಾರಿ ಸಿಗದೆ ಒಳಗೇ ಗುಳ್ಳೆಯಾಗಿ ಉಳಿಯುತ್ತೆ. ಲೋಹ ತಣ್ಣಗಾದಾಗ ಕುಗ್ಗೋದರಿಂದಲೂ ಒಳಗೆ ಟೊಳ್ಳು ಬೀಳುತ್ತೆ. ಒಳ್ಳೆ ಕಾರ್ಖಾನೆ ಕರಗಿದ ಲೋಹದೊಳಗೆ ಆರ್ಗಾನ್ ಅಥವಾ ನೈಟ್ರೋಜನ್ ಹಾಯಿಸಿ ಆ ಗ್ಯಾಸ್ ತೆಗೆಯುತ್ತೆ, ಆಮೇಲೆ ವೀಲ್‌ಗಳನ್ನ ಎಕ್ಸ್‌ರೇ ಹಿಡಿದು ನೋಡುತ್ತೆ, ಹೀಲಿಯಂ ಬಿಟ್ಟು ಎಲ್ಲಾದ್ರೂ ಸೋರುತ್ತಾ ಅಂತ ಪರೀಕ್ಷೆ ಮಾಡುತ್ತೆ. ಇವೆಲ್ಲಕ್ಕೂ ದುಡ್ಡು, ಟೈಮು ಬೇಕು. ಕಡಿಮೆ ಬೆಲೆಗೆ ಮಾರಬೇಕು ಅಂದ್ರೆ ಮೊದಲು ಕತ್ತರಿ ಬೀಳೋದು ಇಂಥ ಹಂತಗಳಿಗೇ. ನಿಮ್ಮ ಟ್ಯೂಬ್‌ಲೆಸ್ ಟೈರಲ್ಲಿ ಪಂಚರ್ರೇ ಇಲ್ಲದೆ ವಾರಕ್ಕೊಂದು ಸಲ ಗಾಳಿ ಕಮ್ಮಿ ಆಗ್ತಿದ್ರೆ, ವಾಲ್ವ್ ಮತ್ತು ಟೈರಿನ ಅಂಚು ಸರಿ ಇದ್ರೆ, ಅಲಾಯ್‌ನ ಮೈಯಿಂದಲೇ ಸೋರ್ತಿರಬಹುದು. ಸೋಪಿನ ನೀರು ಹಾಕಿ ನೋಡಿ, ಗುಳ್ಳೆ ಬರುತ್ತೆ.

ಎರಕದಲ್ಲೇ ಎರಡು ಜಾತಿ. ಒಂದು, ಮೇಲಿಂದ ಹೊಯ್ಯೋದು, ಗ್ರಾವಿಟಿ ಕಾಸ್ಟಿಂಗ್. ಲೋಹ ತನ್ನ ತೂಕಕ್ಕೆ ತಾನೇ ಅಚ್ಚಿಗಿಳಿಯುತ್ತೆ, ಇಳಿಯುವಾಗ ಕಲಕುತ್ತೆ, ಗಾಳಿ ಸೇರ್ಕೊಳ್ಳುತ್ತೆ. ಅದಕ್ಕೇ ಭದ್ರತೆಗೆ ಅಂತ ಗೋಡೆ ದಪ್ಪ ಇಡಬೇಕಾಗುತ್ತೆ, ವೀಲ್ ಭಾರ ಆಗುತ್ತೆ. ಇನ್ನೊಂದು ಲೋ ಪ್ರೆಷರ್. ಇಲ್ಲಿ ಕುಲುಮೆ ಕೆಳಗಿರುತ್ತೆ, ಅಚ್ಚು ಮೇಲಿರುತ್ತೆ, ಸ್ವಲ್ಪವೇ ಗಾಳಿ ಒತ್ತಡ ಕೊಟ್ಟು ಲೋಹವನ್ನ ಕೊಳವೆಯಲ್ಲಿ ನಿಧಾನಕ್ಕೆ ಮೇಲಕ್ಕೆ ಏರಿಸ್ತಾರೆ. ಕಲಕೋದು ಕಮ್ಮಿ, ಗೂಡು ಕಮ್ಮಿ. ಕಾರ್ ಕಂಪನಿಗಳು ಶೋರೂಮಿನಿಂದಲೇ ಹಾಕಿ ಕಳಿಸೋ ಅಲಾಯ್‌ಗಳಲ್ಲಿ ಹೆಚ್ಚಿನವು ಈ ವಿಧಾನದವು.

ಇದಕ್ಕಿಂತ ಮೇಲಿನದು ಫ್ಲೋ ಫಾರ್ಮಿಂಗ್. ಮೊದಲು ಎರಕ ಹೊಯ್ದು, ಟೈರ್ ಕೂರೋ ಸುತ್ತಿನ ಗೋಡೆಯನ್ನ ಬೇಕಂತಲೇ ದಪ್ಪಕ್ಕೆ, ಗಿಡ್ಡಕ್ಕೆ ಬಿಡ್ತಾರೆ. ಆಮೇಲೆ ಕಾಯಿಸಿ, ತಿರುಗಿಸ್ತಾ, ರೋಲರ್‌ಗಳಿಂದ ಒತ್ತಿ ಆ ಗೋಡೆಯನ್ನ ಎಳೀತಾರೆ. ಚಪಾತಿ ಉಂಡೆಯನ್ನ ಲಟ್ಟಣಿಗೆಯಲ್ಲಿ ಎಳೆದ ಹಾಗೆ. ಗೋಡೆ ತೆಳ್ಳಗಾಗುತ್ತೆ, ಆದ್ರೆ ಒತ್ತಿಸ್ಕೊಂಡ ಲೋಹ ಗಟ್ಟಿ. ಗುಂಡಿಗೆ ಬಿದ್ದಾಗ ಮೊದಲು ಏಟು ತಿನ್ನೋದು ಈ ಗೋಡೆಯೇ, ಅದಕ್ಕೇ ನಮ್ಮ ರಸ್ತೆಗೆ ಇದು ಅರ್ಥ ಇರೋ ಖರ್ಚು. ಜಪಾನಿನ ಎಂಕೈ ಕಂಪನಿ ಇದಕ್ಕೆ ಎಂಎಟಿ ಅಂತ ತನ್ನದೇ ಹೆಸರಿಟ್ಟಿದೆ, ಇಟಲಿಯ ಒಝಡ್ ಎಚ್‌ಎಲ್‌ಟಿ ಅನ್ನುತ್ತೆ. ಹೆಸರು ಬೇರೆ, ಲಟ್ಟಣಿಗೆ ಒಂದೇ.

ಎಲ್ಲಕ್ಕಿಂತ ಮೇಲೆ ಫೋರ್ಜಿಂಗ್. ಇಲ್ಲಿ ಅಲ್ಯೂಮಿನಿಯಂ ಕರಗಿ ನೀರಾಗೋದೇ ಇಲ್ಲ. ಕಾದ ಗಟ್ಟಿ ದಿಮ್ಮಿಯನ್ನ ಸಾವಿರಾರು ಟನ್ ಒತ್ತಡದ ಪ್ರೆಸ್ಸಿನ ಕೆಳಗಿಟ್ಟು ಆಕಾರಕ್ಕೆ ಬಡೀತಾರೆ, ಆಮೇಲೆ ಬೇಡದ್ದನ್ನ ಮೆಷಿನ್‌ನಲ್ಲಿ ಕೆತ್ತಿ ತೆಗೀತಾರೆ. ನಮ್ಮೂರಿನವರಿಗೆ ಹೇಳೋದು ಸುಲಭ: ಮಠದ ಪಂಚಲೋಹದ ವಿಗ್ರಹ ಎರಕ, ವಿಂಧ್ಯಗಿರಿ ಮೇಲಿನ 58 ಅಡಿಯ ಗೊಮ್ಮಟ ಇಡೀ ಬಂಡೆಯಿಂದ ಕೆತ್ತಿದ್ದು. ಜಪಾನಿನ ರೇಸ್ ಕಂಪನಿ 1996ರಲ್ಲಿ ತಂದ ಟಿಇ37 ಅನ್ನೋ ವೀಲ್ ಫೋರ್ಜಿಂಗ್‌ದು. ಅದರ ಹೆಸರಲ್ಲಿರೋ 37 ಅಂದ್ರೆ 3.7 ಕೆ.ಜಿ., 15 ಇಂಚಿನ ವೀಲಿನ ತೂಕ. ಮಾಮೂಲಿ ಎರಕದ 15 ಇಂಚಿನ ವೀಲ್ ಅದರ ಎರಡರಷ್ಟು ತೂಗಿದ್ರೂ ಆಶ್ಚರ್ಯ ಇಲ್ಲ.

ಕಣ್ಣಿಗೆ ಕಾಣದೇ ಇರೋ ಹಂತ ಒಂದಿದೆ, ನನ್ನ ಪ್ರಕಾರ ಅಗ್ಗದ ವೀಲ್‌ಗೂ ಒಳ್ಳೆ ವೀಲ್‌ಗೂ ನಿಜವಾದ ವ್ಯತ್ಯಾಸ ಅಲ್ಲೇ. ಹೀಟ್ ಟ್ರೀಟ್‌ಮೆಂಟ್. ಎರಕ ಆದ ವೀಲನ್ನ ಸುಮಾರು 540 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ನೀರಿಗೆ ಅದ್ದಿ, ಆಮೇಲೆ 150-160 ಡಿಗ್ರಿ ಆಸುಪಾಸಲ್ಲಿ ಮತ್ತೆ ಗಂಟೆಗಟ್ಟಲೆ ಇಡ್ತಾರೆ. ಇದಕ್ಕೆ ಟಿ6 ಅಂತಾರೆ. ಊರಿನ ಕಮ್ಮಾರ ಕುಡುಗೋಲು ಕಾಯಿಸಿ ನೀರಿಗೆ ಅದ್ದಿದ್ರೆ ಕಬ್ಬಿಣ ಅಲ್ಲೇ ಗಟ್ಟಿಯಾಗುತ್ತೆ. ಅಲ್ಯೂಮಿನಿಯಂ ಹಾಗಲ್ಲ ಕಣ್ರಿ, ನೀರಿಗೆ ಅದ್ದಿದಾಗ ಅದು ಇನ್ನೂ ಮೆತ್ತಗೇ ಇರುತ್ತೆ, ಎರಡನೇ ಸಲ ಹದವಾಗಿ ಕಾಯಿಸಿದಾಗ ಒಳಗೆ ಮೆಗ್ನೀಸಿಯಂ-ಸಿಲಿಕಾನ್‌ನ ಅತಿ ಸಣ್ಣ ಕಣಗಳು ಹುಟ್ಟಿ ಬಲ ಬರುತ್ತೆ. ಈ ಹಂತ ಅರ್ಧಂಬರ್ಧ ಆಗಿದ್ರೂ ವೀಲ್ ನೋಡಕ್ಕೆ ಅಷ್ಟೇ ಹೊಳೆಯುತ್ತೆ, ಅಷ್ಟೇ ತೂಗುತ್ತೆ. ಬಲ ಮಾತ್ರ ಇರಲ್ಲ.

ಹಾಗಾದ್ರೆ ಬ್ರ್ಯಾಂಡ್‌ಗೆ ಬೆಲೆ ಇಲ್ವಾ?

ಇದೆ. ಆದ್ರೆ ನಾವು ಅಂದ್ಕೊಂಡ ಜಾಗದಲ್ಲಿಲ್ಲ.

ಜರ್ಮನಿಯ ಬಿಬಿಎಸ್ ತಗೊಳ್ಳಿ. 1970ರಲ್ಲಿ ಶಿಲ್ಟಾಕ್ ಅನ್ನೋ ಊರಲ್ಲಿ ಶುರುವಾದ ಕಂಪನಿ, ಇಬ್ಬರು ಸ್ಥಾಪಕರ ಹೆಸರಿನ ಮೊದಲಕ್ಷರ, ಊರಿನ ಮೊದಲಕ್ಷರ ಸೇರಿ ಬಿಬಿಎಸ್. ರೇಸಿಂಗ್ ಜಗತ್ತಲ್ಲಿ ದೊಡ್ಡ ಹೆಸರು. 2007ರಿಂದ ಈಚೆಗೆ ಅದು ಒಂದಲ್ಲ, ಹಲವು ಸಲ ದಿವಾಳಿ ಅರ್ಜಿ ಹಾಕಿದೆ. ವೀಲ್ ಚೆನ್ನಾಗಿದ್ರೂ ಕಂಪನಿ ಚೆನ್ನಾಗಿರಲೇಬೇಕು ಅಂತಿಲ್ಲ, ಇದು ಕಾಮರ್ಸ್‌ನವರಿಗೆ ಹೊಸ ವಿಷಯ ಏನಲ್ಲ. ಇನ್ನೂ ಮಜಾ ಏನಂದ್ರೆ, ಅದೇ ಹೆಸರಲ್ಲಿ ಜಪಾನಿನಲ್ಲಿ ಬೇರೆಯದೇ ಕಂಪನಿ ಇದೆ, ಅದು ಫೋರ್ಜಿಂಗ್‌ಗೆ ಹೆಸರುವಾಸಿ. ಸೆಕೆಂಡ್ ಹ್ಯಾಂಡ್‌ನಲ್ಲಿ "ಒರಿಜಿನಲ್ ಬಿಬಿಎಸ್ ಸಾರ್" ಅಂದ್ರೆ ಮುಂದಿನ ಪ್ರಶ್ನೆ ಎಲ್ಲಿಯದು, ಯಾವ ವಿಧಾನದ್ದು ಅಂತ ಇರಬೇಕು. 1971ರಿಂದ ಇರೋ ಒಝಡ್‌ನಲ್ಲೂ ಎರಕದ್ದು, ಲಟ್ಟಿಸಿದ್ದು, ಫೋರ್ಜ್ ಮಾಡಿದ್ದು ಮೂರೂ ಸಿಗುತ್ತೆ. ಇಟಲಿಯ ಮೊಮೊ 1964ರಲ್ಲಿ ಶುರು ಮಾಡಿದ್ದು ಸ್ಟೀರಿಂಗ್ ವೀಲ್‌ನಿಂದ. ಇದೆಲ್ಲಾ ಒಳ್ಳೆ ಇತಿಹಾಸ. ಆದ್ರೆ ನಿಮ್ಮ ಕೈಯಲ್ಲಿರೋ ವೀಲ್‌ನ ಪರೀಕ್ಷಾ ಪತ್ರ ಇದರಿಂದ ಸಿಗಲ್ಲ.

ಇನ್ನೊಂದು ಕಡೆ, ನಮಗೆ ಸ್ಟೈಲ್ ಅನ್ನಿಸದ ಹೆಸರುಗಳಿವೆ. ಪುಣೆ ಹತ್ತಿರ ಎಂಕೈ ಮತ್ತು ಮ್ಯಾಕ್ಸಿಯನ್ ಕಾರ್ಖಾನೆ, ಹರಿಯಾಣದ ಬಾವಲ್‌ನಲ್ಲಿ ಮಿಂಡಾ ಕೊಸೈ, ಗುಜರಾತಿನ ಮೆಹ್ಸಾಣಾದಲ್ಲಿ ಸ್ಟೀಲ್ ಸ್ಟ್ರಿಪ್ಸ್ ವೀಲ್ಸ್. ಇವರ ಮುಖ್ಯ ಗಿರಾಕಿ ನಾವಲ್ಲ, ಕಾರ್ ಕಂಪನಿಗಳು. ಕಾರ್ ಕಂಪನಿ ಗಿರಾಕಿ ಅಂದ್ರೆ ಸುಮ್ನೆ ಅಲ್ಲ. ಅವರ ಎಂಜಿನಿಯರ್‌ಗಳು ಬಂದು ಕಾರ್ಖಾನೆಯನ್ನೇ ಆಡಿಟ್ ಮಾಡ್ತಾರೆ, ಬ್ಯಾಚ್ ಬ್ಯಾಚ್‌ಗೂ ದಾಖಲೆ ಕೇಳ್ತಾರೆ, ಒಂದು ಬ್ಯಾಚ್ ಕೆಟ್ರೆ ಇಡೀ ರೀಕಾಲ್‌ನ ಖರ್ಚು ತಲೆ ಮೇಲೆ ಬರುತ್ತೆ. ಅಂಗಡಿಯಲ್ಲಿ ಮಾರಾಟ ಆಗೋ ವೀಲ್‌ಗೆ ಈ ಥರ ಬೆನ್ನು ಹತ್ತೋರು ಯಾರೂ ಇಲ್ಲ, ಬೆನ್ನು ಹತ್ತಬೇಕಾದೋರು ನಾವೇ. ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ನಿಮ್ಮ ಕಾರಿನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಹಾಕೋ ಅಲಾಯ್, ಅದೇ ಸೈಜಲ್ಲಿ ಸಿಕ್ರೆ, ಅದೇ ಬೆಲೆಯ ಚೆಂದದ ಹೆಸರಿನ ವೀಲ್‌ಗಿಂತ ಮೇಲು. ನೋಡಕ್ಕೆ ಸಪ್ಪೆ ಇರಬಹುದು, ಇರಲಿ.

ಡಿಸೈನ್ ನಕಲು ಮಾಡಿದ ವೀಲ್ ಎಲ್ಲಾ ಕಳಪೆ ಅಂತ ತೀರ್ಪು ಕೊಡೋದೂ ತಪ್ಪು. ಫಿಲಿಪ್ಪೀನ್ಸ್‌ನ ರೋಟಾ ಇದಕ್ಕೆ ಉದಾಹರಣೆ. ಹೆಸರಾಂತ ಜಪಾನಿ ವೀಲ್‌ಗಳ ಹೋಲಿಕೆ ಇರೋ ಡಿಸೈನ್‌ಗಳಿಂದಲೇ ಅದು ಪರಿಚಿತ, ಆದ್ರೆ ಅದನ್ನ ಮಾಡೋದು ಸ್ವಂತ ಎರಕದ ಕಾರ್ಖಾನೆ ಇರೋ ಕಂಪನಿ. ಮುಖ ನಕಲಿರಬಹುದು, ಮೂಳೆ ಗಟ್ಟಿ ಇರಬಹುದು. ಮೂಲ ವೀಲ್ ಫೋರ್ಜಿಂಗ್‌ದಾಗಿದ್ದು, ಅದೇ ತೆಳ್ಳಗಿನ ಕಡ್ಡಿಯ ಡಿಸೈನನ್ನ ಅಗ್ಗದ ಎರಕದಲ್ಲಿ ಮಾಡಿದ್ರೆ ಮಾತ್ರ ಭಯ ಪಡಬೇಕು. ಫೋರ್ಜಿಂಗ್‌ನಲ್ಲಿ ತಡೆಯೋ ತೆಳುವು ಎರಕದಲ್ಲಿ ತಡೆಯಲ್ಲ.

ಬೆನ್ನ ಮೇಲೆ ಏನಿರುತ್ತೆ

ಈಗ ವೀಲ್ ತಿರುಗಿಸಿ. ಅಂಗಡಿಯವರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಹಿಂದೆ ಕಡ್ಡಿಗಳ ಮೇಲೆ, ನಟ್ಟು ಕೂರೋ ಜಾಗದ ಸುತ್ತ ಎರಕದಲ್ಲೇ ಉಬ್ಬಿ ಬಂದಿರೋ ಅಕ್ಷರ, ಅಂಕಿ ಇರುತ್ತೆ. ಸ್ಟಿಕ್ಕರ್ ಲೆಕ್ಕಕ್ಕಿಲ್ಲ.

ಮೊದಲು ಹುಡುಕಬೇಕಾದ್ದು ಐಎಸ್‌ಐ ಗುರುತು. ನಮ್ಮ ದೇಶದಲ್ಲಿ ಕಾರಿನ ವೀಲ್ ರಿಮ್‌ಗೆ ಐಎಸ್ 16192 ಅನ್ನೋ ಮಾನದಂಡ ಇದೆ, ಅದರ ಪ್ರಕಾರ ಬಿಐಎಸ್ ಪ್ರಮಾಣಪತ್ರ ಕಡ್ಡಾಯ. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಬೇಕು. ನಿಮ್ಮ ಫೋನಲ್ಲಿ ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆ್ಯಪ್ ಹಾಕ್ಕೊಂಡು ಆ ನಂಬರ್ ಹೊಡೀರಿ. ಯಾವ ಕಂಪನಿ, ಯಾವ ಊರಿನ ಕಾರ್ಖಾನೆ, ಲೈಸೆನ್ಸ್ ಚಾಲ್ತಿಯಲ್ಲಿದ್ಯಾ ಅಂತ ತೋರಿಸುತ್ತೆ. ಮುಂದೆ ಬರೆದಿರೋ ಬ್ರ್ಯಾಂಡ್‌ಗೂ ಅಲ್ಲಿ ಬರೋ ತಯಾರಕರ ಹೆಸರಿಗೂ ತಾಳೆ ಆಗದೇ ಇದ್ರೆ ತಕ್ಷಣ ಮೋಸ ಅನ್ನಬೇಡಿ, ಬೇರೆಯವರ ಹತ್ರ ಮಾಡಿಸಿರ್ತಾರೆ ಅಷ್ಟೆ. ನಂಬರ್‌ಗೆ ಏನೂ ಬರದೇ ಇದ್ರೆ ಎದ್ದು ಬನ್ನಿ. ಎರಡು ನಿಮಿಷದ ಕೆಲಸ, ಅಂಗಡಿ ಬಾಗಿಲಲ್ಲೇ ನಿಂತು ಮಾಡಬಹುದು.

ಆಮೇಲೆ ಜೆಡಬ್ಲ್ಯುಎಲ್. ಇದು ಜಪಾನಿನ ಲಘು ಲೋಹದ ವೀಲ್ ಮಾನದಂಡ. ಅಂಗಡಿಯವರು ಇದನ್ನೇ ದೊಡ್ಡ ಬಿರುದು ಥರ ತೋರಿಸ್ತಾರೆ. ಆದ್ರೆ ಇದು ತಯಾರಕರು ತಾವೇ ಪರೀಕ್ಷೆ ಮಾಡಿ ತಾವೇ ಹಾಕ್ಕೊಳ್ಳೋ ಗುರುತು. ಅಚ್ಚಲ್ಲಿ ಮೂರಕ್ಷರ ಕೊರೆಯೋದು ಯಾರಿಗೂ ಕಷ್ಟ ಅಲ್ಲ. ಅದರ ಪಕ್ಕದಲ್ಲಿ ವಿಐಎ ಅಂತಲೂ ಇದ್ರೆ ತೂಕ ಜಾಸ್ತಿ, ಯಾಕಂದ್ರೆ ಅದು ಹೊರಗಿನ ಸಂಸ್ಥೆ ಪರೀಕ್ಷೆ ಮಾಡಿ ನೋಂದಾಯಿಸ್ಕೊಂಡ ಗುರುತು. ಜರ್ಮನಿಯ ಮಾರುಕಟ್ಟೆಗೆ ಹೋಗೋ ವೀಲ್‌ಗಳ ಮೇಲೆ ಕೆಬಿಎ ನಂಬರ್ ಇರುತ್ತೆ, ಅದೂ ಸರ್ಕಾರಿ ಒಪ್ಪಿಗೆಯ ನಂಬರ್.

ಈ ಪರೀಕ್ಷೆಗಳಲ್ಲಿ ಏನ್ ಮಾಡ್ತಾರೆ ಗೊತ್ತಾ? ಒಂದು, ತಿರುವಿನಲ್ಲಿ ವೀಲ್ ಮೇಲೆ ಬೀಳೋ ಬಾಗಿಸೋ ಒತ್ತಡವನ್ನ ಲಕ್ಷಗಟ್ಟಲೆ ಸುತ್ತು ಕೊಡೋದು. ಎರಡು, ಟೈರ್ ಹಾಕಿ, ಭಾರ ಹೇರಿ, ಡ್ರಮ್ ಮೇಲೆ ಓಡಿಸ್ತಾನೇ ಇರೋದು. ಮೂರನೆಯದು ನಮಗೆ ಹತ್ತಿರದ್ದು, ಇಂಪ್ಯಾಕ್ಟ್ ಟೆಸ್ಟ್. ಟೈರ್ ಹಾಕಿದ ವೀಲನ್ನ 13 ಡಿಗ್ರಿ ಓರೆಯಾಗಿ ಕೂರಿಸಿ, 230 ಮಿಲಿಮೀಟರ್ ಎತ್ತರದಿಂದ ಭಾರದ ಗುಂಡು ಬೀಳಿಸ್ತಾರೆ. ಗುಂಡಿನ ತೂಕಕ್ಕೆ ಐಎಸ್‌ಒ ಸೂತ್ರ ಇದೆ: ವೀಲ್ ಹೊರಬಹುದಾದ ಗರಿಷ್ಠ ಭಾರದ 60 ಪರ್ಸೆಂಟ್, ಅದಕ್ಕೆ 180 ಕೆ.ಜಿ. ಸೇರಿಸಿ. ಒಳಗಿಂದ ಹೊರಗೆ ಹಾಯೋ ಬಿರುಕು ಬಿಡಬಾರದು, ಕಡ್ಡಿ ಭಾಗ ಗೋಡೆಯಿಂದ ಬೇರೆ ಆಗಬಾರದು, ಒಂದು ನಿಮಿಷದೊಳಗೆ ಗಾಳಿ ಪೂರ್ತಿ ಹೋಗಬಾರದು. ಸೊಟ್ಟ ಆದ್ರೆ ಫೇಲ್ ಅಲ್ಲ, ಬಿರುಕು ಬಿಟ್ರೆ ಫೇಲ್.

ಇಲ್ಲಿಗೆ ಇನ್ನೋವಾ ಅಣ್ಣನ ಪ್ರಶ್ನೆಯ ತಿರುಳು ಬಂತು. "ಗರಿಷ್ಠ ಭಾರ" ಅಂದ್ನಲ್ಲ, ಅದೂ ಬೆನ್ನ ಮೇಲೆ ಕೆ.ಜಿ. ಲೆಕ್ಕದಲ್ಲಿ ಬರೆದಿರುತ್ತೆ, ಮ್ಯಾಕ್ಸ್ ಲೋಡ್ ಅಂತ. ಒಂದು ಲೆಕ್ಕ ಹಾಕೋಣ. ಏಳು ಜನ, ಮೇಲೆ ಕ್ಯಾರಿಯರ್ ತುಂಬಾ ಲಗೇಜು, ಹಿಂದಿನ ಆಕ್ಸಲ್ ಮೇಲೆ 1,350 ಕೆ.ಜಿ. ಬಿತ್ತು ಅಂತ ಇಟ್ಕೊಳ್ಳಿ. ಒಂದೊಂದು ಹಿಂದಿನ ಚಕ್ರಕ್ಕೆ 675 ಕೆ.ಜಿ. ಚಿಕ್ಕ ಕಾರಿಗೆ ಅಂತ ಮಾಡಿದ, ಬೆನ್ನ ಮೇಲೆ 550 ಅಂತ ಬರೆದಿರೋ ವೀಲ್ ಅದಕ್ಕೆ ಹಾಕಿದ್ರೆ? ನಟ್ಟಿನ ಅಳತೆ ಸರಿ ಹೊಂದಿದ್ರೆ ಕೂರುತ್ತೆ, ಗಾಡಿ ಓಡುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಆದ್ರೆ 550ರ ವೀಲ್‌ಗೆ ಇಂಪ್ಯಾಕ್ಟ್ ಟೆಸ್ಟ್‌ನಲ್ಲಿ ಬಿದ್ದಿರೋದು 510 ಕೆ.ಜಿ. ಗುಂಡು, 675ರ ವೀಲ್ ಆಗಿದ್ರೆ 585 ಕೆ.ಜಿ. ಗುಂಡು ತಡೆದು ಪಾಸಾಗಬೇಕಿತ್ತು. ಅಂದ್ರೆ ಅಷ್ಟು ಭಾರಕ್ಕೆ ಆ ವೀಲನ್ನ ಯಾರೂ ಪರೀಕ್ಷೆಯೇ ಮಾಡಿಲ್ಲ. ಮಳೆಗಾಲದಲ್ಲಿ ಸಕಲೇಶಪುರ ದಾಟಿ ಮಾರನಹಳ್ಳಿ ಕಡೆ, ನೀರು ತುಂಬಿ ಗುಂಡಿ ಎಲ್ಲಿ ಅಂತ ಕಾಣದಿದ್ದಾಗ, ಆ ಪರೀಕ್ಷೆ ನಿಮ್ಮ ಗಾಡೀಲಿ ಕೂತಿರೋ ಜನರ ಮೇಲೆ ನಡೆಯುತ್ತೆ. ಭಾರದ ಅಂಕಿಯೇ ಇಲ್ಲದ ವೀಲ್ ಆದ್ರೆ ಈ ಲೆಕ್ಕವನ್ನೇ ಹಾಕಕ್ಕಾಗಲ್ಲ. ಅಂಥದ್ದನ್ನ ಟೂರಿಸ್ಟ್ ಗಾಡಿಗೆ ಹಾಕಬೇಡಿ. ನಿಮ್ಮ ಗಾಡಿಯ ಒಟ್ಟು ತೂಕ ಆರ್‌ಸಿಯಲ್ಲಿರುತ್ತೆ, ಹಿಂದಿನ ಆಕ್ಸಲ್‌ಗೆ ಅರ್ಧಕ್ಕಿಂತ ಹೆಚ್ಚೇ ಬೀಳುತ್ತೆ ಅಂತ ಇಟ್ಕೊಂಡು ಲೆಕ್ಕ ಹಾಕಿ.

ಅಣ್ಣನಿಗೆ ನನ್ನ ಉತ್ತರ ಇದು. ಬಾಡಿಗೆ ಗಾಡಿ, ತುಂಬಿದ ಭಾರ, ಘಾಟ್ ರಸ್ತೆ. ಈಗಿರೋ ಸ್ಟೀಲ್ ಡಿಸ್ಕೇ ಇರಲಿ, ಅಥವಾ ಅದೇ ಗಾಡಿಗೆ ಕಂಪನಿ ಕೊಡೋ ಅಲಾಯ್ ಹಾಕಿಸಿ. ಸ್ಟೀಲ್ ಡಿಸ್ಕ್ ಗುಂಡಿಗೆ ಬಿದ್ರೆ ಸಾಮಾನ್ಯವಾಗಿ ಬಗ್ಗುತ್ತೆ, ಚನ್ನರಾಯಪಟ್ಟಣದಲ್ಲೋ ಹೊಳೇನರಸೀಪುರದಲ್ಲೋ ಯಾವ ಪಂಚರ್ ಅಂಗಡೀಲಾದ್ರೂ ಬಡಿದು ಅವತ್ತಿನ ಟ್ರಿಪ್ ಮುಗಿಸಬಹುದು. ಎರಕದ ಅಲಾಯ್ ಬಿರುಕು ಬಿಟ್ರೆ ಅಲ್ಲಿಗೆ ಸ್ಟೆಪ್ನಿಯೇ ಗತಿ.

ಸ್ವಂತ ಕಾರಿನವರಿಗೆ

ಸ್ವಂತಕ್ಕೆ ಓಡಿಸೋರಿಗೆ ಇಷ್ಟು ಬಿಗಿ ಬೇಡ. ಆಸೆ ಅಂತ ಒಂದಿರುತ್ತಲ್ಲ. ಆದ್ರೆ ಸೈಜ್ ವಿಷಯದಲ್ಲಿ ಹುಷಾರು. ಸ್ವಿಫ್ಟ್, ಡಿಜೈರ್ ಮೇಲಿನ ವೇರಿಯಂಟ್‌ನಲ್ಲಿ ಬರೋ 185/65 ಆರ್15 ಟೈರಿನ ಪಕ್ಕದ ಗೋಡೆ ಸುಮಾರು 120 ಮಿಲಿಮೀಟರ್ ಎತ್ತರ. 16 ಇಂಚಿಗೆ ಹೋಗಿ 195/55 ಹಾಕಿದ್ರೆ ಅದು 107ಕ್ಕೆ ಇಳಿಯುತ್ತೆ. 17 ಇಂಚು, 205/45 ಅಂದ್ರೆ 92. ಒಟ್ಟು ಚಕ್ರದ ಎತ್ತರ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ರಸ್ತೆಗೂ ರಿಮ್‌ಗೂ ಮಧ್ಯೆ ಇರೋ ರಬ್ಬರ್ ಕಾಲು ಭಾಗದಷ್ಟು ಕಮ್ಮಿ ಆಯ್ತು. ಹೈವೇ 75ರ ನಾಲ್ಕು ಲೇನ್ ಮೇಲೆ ಇದರ ಬಿಸಿ ಗೊತ್ತಾಗಲ್ಲ. ಹೈವೇ ಬಿಟ್ಟು ಒಳಗಿಳಿದ ಮೇಲೆ ಬಣ್ಣ ಬಳಿಯದ ಹಂಪುಗಳು, ಅರಕಲಗೂಡು ಕಡೆ ಟಾರ್ ಅಂಚು ಕಿತ್ತ ರಸ್ತೆ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಪಕ್ಕಕ್ಕೆ ಇಳಿಸಲೇಬೇಕು. ಎಷ್ಟೇ ಒಳ್ಳೆ ಬ್ರ್ಯಾಂಡ್ ಆಗಿರಲಿ, 92 ಮಿಲಿಮೀಟರ್ ರಬ್ಬರ್ ಹಿಂದೆ ಕೂತ ವೀಲ್ ಏಟು ತಿನ್ನುತ್ತೆ. ಕಂಪನಿ ಸೈಜಿಗಿಂತ ಒಂದಿಂಚು ಮೇಲಕ್ಕೆ ಸಾಕು, ಅದೂ ಬೇಕೇ ಬೇಕು ಅಂದ್ರೆ.

ಕೂರಿಸೋ ವಿಷಯವೂ ಗುಣಮಟ್ಟದ ಭಾಗವೇ. ಪಿಸಿಡಿ, ಅಂದ್ರೆ ನಟ್ಟಿನ ತೂತುಗಳ ಅಳತೆ, ಎಲ್ಲರಿಗೂ ಗೊತ್ತು: ಅನೇಕ ಚಿಕ್ಕ ಕಾರುಗಳಿಗೆ 4×100, ಕ್ರೆಟಾ, ಇನ್ನೋವಾ ಕ್ರಿಸ್ಟಾದಂಥವಕ್ಕೆ 5×114.3. ಜನ ಮರೆಯೋದು ನಡುವಿನ ತೂತು. ಅಂಗಡಿಯ ವೀಲ್‌ಗಳಲ್ಲಿ ಹೆಚ್ಚಿನವಕ್ಕೆ ಅದು 73.1 ಮಿಲಿಮೀಟರ್, ಎಲ್ಲಾ ಕಾರಿಗೂ ಆಗಲಿ ಅಂತ ದೊಡ್ಡದು. ಕ್ರೆಟಾ ಹಬ್ 67.1. ಮಧ್ಯದ ಆ ಸಂದಿಗೆ ಹಬ್ ರಿಂಗ್ ಹಾಕಲೇಬೇಕು. ಹಾಕದೇ ಇದ್ರೆ ನಟ್ಟು ಬಿಗಿಯುವಾಗ ವೀಲ್ ಸರಿಯಾಗಿ ನಡುವಿಗೆ ಕೂರದೆ 80-90ರ ಸ್ಪೀಡಲ್ಲಿ ಸ್ಟೀರಿಂಗ್ ನಡುಗಬಹುದು. ಎಷ್ಟೋ ಜನ ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಿ, ಕೊನೆಗೆ ಬ್ರ್ಯಾಂಡ್‌ನ ಬೈತಾರೆ. ನಟ್ಟಿನ ಆಕಾರವೂ ಬೇರೆ ಬೇರೆ. ಹೋಂಡಾ ಕಂಪನಿ ವೀಲ್‌ಗೆ ಗುಂಡಗಿನ ತಳದ ನಟ್ಟು, ಟೊಯೋಟಾದ ಹಲವು ಕಂಪನಿ ಅಲಾಯ್‌ಗೆ ವಾಷರ್ ಇರೋ ಚಪ್ಪಟೆ ತಳದ್ದು, ಅಂಗಡಿ ವೀಲ್‌ಗೆ ಸಾಮಾನ್ಯವಾಗಿ ಶಂಕುವಿನ ಆಕಾರದ್ದು. ಹಳೇ ನಟ್ಟನ್ನೇ ಹೊಸ ವೀಲ್‌ಗೆ ಹಾಕಿ ಕಳಿಸಿದ್ರೆ ಕಚ್ಚೋದು ಅಂಚಿನಷ್ಟೇ.

ರೇಟಿನ ಬಗ್ಗೆ ಸ್ವಲ್ಪ. ಹತ್ತು ವರ್ಷದ ಹಿಂದೆ ಅಂಗಡಿಗಳಲ್ಲಿ ಅಗ್ಗದ ಅಲಾಯ್ ಅಂದ್ರೆ ಹೆಚ್ಚಾಗಿ ಆಮದಿನ ಮಾಲು. 2015ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಚೀನಾ, ದಕ್ಷಿಣ ಕೊರಿಯಾ, ಥಾಯ್ಲೆಂಡ್‌ನಿಂದ ಬರೋ 12ರಿಂದ 24 ಇಂಚಿನ ಎರಕದ ಅಲಾಯ್ ವೀಲ್ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕ್ತು, ಚೀನಾ ಮಾಲಿನ ಮೇಲೆ 2019ರಲ್ಲಿ ಅದನ್ನ ಮುಂದುವರಿಸ್ತು. ಸುಂಕ ಕೆ.ಜಿ. ಲೆಕ್ಕದಲ್ಲಿತ್ತು, ಅಂದ್ರೆ ಭಾರದ ವೀಲ್‌ಗೆ ಜಾಸ್ತಿ. ಈಗಲೂ ಮಾರುಕಟ್ಟೇಲಿ ನಂಬಕ್ಕಾಗದಷ್ಟು ಕಮ್ಮಿ ರೇಟು ಹೇಳಿದ್ರೆ, ಆ ದುಡ್ಡು ಎಲ್ಲಿ ಉಳೀತು ಅಂತ ಕೇಳೋದು ನಿಮ್ಮ ಹಕ್ಕು. ಸುಂಕದಲ್ಲಾ, ಲೋಹದಲ್ಲಾ, ಪರೀಕ್ಷೆಯಲ್ಲಾ? 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗದ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಹಾಗಾಗಿ "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ" ಅನ್ನೋ ಆಮಿಷಕ್ಕೆ ಮೊದಲಿನಷ್ಟು ಬೆಲೆ ಇಲ್ಲ. ಬಿಲ್ ತಗೊಳ್ಳಿ. ಅದಿಲ್ಲದೆ ವಾರಂಟಿ ಇಲ್ಲ, ಇನ್ಶೂರೆನ್ಸ್‌ನಲ್ಲಿ ಆಕ್ಸೆಸರಿ ಅಂತ ಸೇರಿಸಕ್ಕೂ ಆಗಲ್ಲ. ಸೇರಿಸದೇ ಇದ್ರೆ ವೀಲ್ ಕಳೆದಾಗ, ಒಡೆದಾಗ ಅದರ ದುಡ್ಡು ಕೇಳೋದು ಕಷ್ಟ.

ಹಳೇ ವೀಲ್ ಕೊಳ್ಳೋರು ಒಳಗಿನ ಗೋಡೆ ಪೂರ್ತಿ ತೊಳೆಸಿ ನೋಡಿ, ಬಿರುಕು ಹೆಚ್ಚಾಗಿ ಕಾರಿನ ಒಳಬದಿಯ ಅಂಚಲ್ಲೂ ಕಡ್ಡಿಯ ಬುಡದಲ್ಲೂ ಶುರುವಾಗುತ್ತೆ, ಹೊರಗಿಂದ ಕಾಣಲ್ಲ. ಮಡಕೆ ತಟ್ಟಿ ನೋಡೋ ಹಾಗೆ ತಟ್ಟಿ ನೋಡೋರಿದ್ದಾರೆ, ಒಡಕು ದನಿ ಬಂದ್ರೆ ಬೇಡ ಅನ್ನಿ, ಆದ್ರೆ ದನಿ ಚೆನ್ನಾಗಿದೆ ಅಂತ ನಂಬಬೇಡಿ. ಕೂದಲೆಳೆಯ ಬಿರುಕಿಗೆ ಡೈ ಪೆನೆಟ್ರೆಂಟ್ ಅಂತ ಸ್ಪ್ರೇ ಬರುತ್ತೆ: ಕೆಂಪು ಬಣ್ಣ ಹೊಡೆದು, ಒರೆಸಿ, ಬಿಳಿ ಪುಡಿ ಹೊಡೆದ್ರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತೆ. ವೆಲ್ಡಿಂಗ್ ಮಾಡಿದ ವೀಲ್ ಮಾತ್ರ ಬಿಟ್ಟಿ ಕೊಟ್ರೂ ಬೇಡ. ಟಿ6 ಬಗ್ಗೆ ಹೇಳಿದ್ನಲ್ಲ, ವೆಲ್ಡಿಂಗ್ ಶಾಖಕ್ಕೆ ಆ ಬಲ ಆ ಜಾಗದಲ್ಲಿ ಹೋಗಿಬಿಟ್ಟಿರುತ್ತೆ. ಪೌಡರ್ ಕೋಟಿಂಗ್ ಓವನ್ ಕೂಡ 180-200 ಡಿಗ್ರಿ, ಟಿ6ನ ಎರಡನೇ ಶಾಖಕ್ಕಿಂತ ಜಾಸ್ತಿ. ಒಂದು ಸಲ, ಹದಿನೈದು-ಇಪ್ಪತ್ತು ನಿಮಿಷ ಪರವಾಗಿಲ್ಲ, ವರ್ಷಕ್ಕೊಂದು ಬಣ್ಣ ಬದಲಾಯಿಸೋ ಚಟ ಒಳ್ಳೇದಲ್ಲ.

ಕೊನೆಗೊಂದು ಸಣ್ಣ ಕೆಲಸ. ಹೊಸ ವೀಲ್ ಹಾಕಿಸಿದ ಮೇಲೆ ಏರ್ ಗನ್ನಲ್ಲೇ ಬಿಗಿದು ಕೈ ತೊಳ್ಕೊಂಡ್ರೆ ಬಿಡಬೇಡಿ, ಟಾರ್ಕ್ ರೆಂಚ್‌ನಲ್ಲಿ ನಿಮ್ಮ ಕಾರಿನ ಪುಸ್ತಕದಲ್ಲಿರೋ ಅಳತೆಗೆ ಬಿಗಿಸಿ. ಹೊಸ ಅಲ್ಯೂಮಿನಿಯಂ ಮೇಲೆ ನಟ್ಟು ಸ್ವಲ್ಪ ಕೂತ್ಕೊಳ್ಳುತ್ತೆ. ಹಾಗಾಗಿ ಸುಮಾರು 100 ಕಿಲೋಮೀಟರ್ ಓಡಿದ ಮೇಲೆ, ಬೆಳಗೊಳದಿಂದ ಹಾಸನಕ್ಕೆ ಹೋಗಿ ಬಂದಷ್ಟು ಅನ್ಕೊಳ್ಳಿ, ಇನ್ನೊಂದು ಸಲ ಚೆಕ್ ಮಾಡಿಸಿ. ನಿಮ್ಮ ಹತ್ರ ಇರೋ ವೀಲ್‌ನ ಬೆನ್ನಿನ ಫೋಟೋ ತೆಗೆದು ಕಳಿಸಿ, ಅಕ್ಷರ ಓದಕ್ಕಾಗೋ ಹಾಗಿರಲಿ. ಬಂದ ಫೋಟೋಗಳನ್ನ ಇಟ್ಕೊಂಡು ಮುಂದಿನ ಸಂಚಿಕೆಯಲ್ಲಿ ಒಂದೊಂದಾಗಿ ಓದೋಣ.